ದಿನ ತುಂಬದೆ ಹುಟ್ಟಿದ ಕೂಸಿನ ಕಿಡ್ನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಎನ್‌ಐಸಿಯುನಲ್ಲಿ, ಅಂದರೆ ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕದಲ್ಲಿ, ನಾನು ನರ್ಸ್. ನಮ್ಮ ಬಾಗಿಲ ಹೊರಗೆ ಉದ್ದನೆಯ ಬೆಂಚೊಂದಿದೆ. ಅಣ್ಣಿಗೇರಿ, ರೋಣ, ಶಿಗ್ಗಾಂವಿ, ಬ್ಯಾಡಗಿ, ಕಲಘಟಗಿಯಿಂದ ಬಂದ ಅಜ್ಜಿಯರು, ಅಪ್ಪಂದಿರು ಬುತ್ತಿ ಗಂಟು ಪಕ್ಕಕ್ಕಿಟ್ಟುಕೊಂಡು ಅಲ್ಲಿ ಕೂತಿರುತ್ತಾರೆ. ಬಾಗಿಲು ತೆರೆದರೆ ಸಾಕು, "ಅಕ್ಕಾರ, ಕೂಸು ಹೆಂಗೈತ್ರಿ?" ಅಂತ ಎದ್ದು ನಿಲ್ಲುತ್ತಾರೆ. ಉಸಿರಾಟ ಕೇಳುತ್ತಾರೆ, ತೂಕ ಕೇಳುತ್ತಾರೆ. ಕಿಡ್ನಿಯ ಮಾತು ಬರುವುದು ಡಾಕ್ಟರು "ಕ್ರಿಯಾಟಿನಿನ್ ಸ್ವಲ್ಪ ಏರಿದೆ" ಅಂದ ಮೇಲೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಒಂದು ಕಸ. ಆಗ ಎಲ್ಲರಿಗೂ ಗಾಬರಿ. ಆ ಬೆಂಚಿನ ಮೇಲೆ ನಾನು ಕೇಳಿಸಿಕೊಂಡ ಪ್ರಶ್ನೆಗಳೇ ಇವು. ನಿಮ್ಮ ಕೂಸಿನ ವಿಷಯದಲ್ಲಿ ಅದನ್ನು ನೋಡುತ್ತಿರುವ ಡಾಕ್ಟರ ಮಾತೇ ಕೊನೆ. ಅವರು ಹೇಳಿದ್ದು ಅರ್ಥವಾಗಲಿ ಅಂತ ಇಷ್ಟು ಬರೆದಿದ್ದೇನೆ.

ದೊಡ್ಡವರಿಗೆ ಬರುವ ಕಿಡ್ನಿ ರೋಗ ಇಷ್ಟು ಸಣ್ಣ ಕೂಸಿಗೆ ಹೇಗೆ ಬಂತು?

ಇದು ಆ ರೋಗ ಅಲ್ಲ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆ, ಬಿಪಿಯಿಂದ ಕಿಡ್ನಿ ವರ್ಷಗಟ್ಟಲೆ ಸವೆಯುತ್ತದೆ. ಕೂಸಿನ ಕಿಡ್ನಿಗೆ ಪೆಟ್ಟು ಬೀಳುವುದು ಕೆಲವೇ ಗಂಟೆ ಅಥವಾ ದಿನಗಳಲ್ಲಿ. ಎಷ್ಟೋ ಸಲ ಅದು ಚೇತರಿಸಿಕೊಳ್ಳುತ್ತದೆ ಕೂಡ. ಕೇಸ್ ಶೀಟಿನಲ್ಲಿ ಡಾಕ್ಟರು ಎಕೆಐ ಅಂತ ಬರೆದಿದ್ದರೆ ಅದು ಇದೇ.

ಪೆಟ್ಟು ಸುಲಭವಾಗಿ ಬೀಳುವುದಕ್ಕೆ ಮೂಲ ಕಾರಣ, ಕಿಡ್ನಿ ಇನ್ನೂ ಕಟ್ಟಿ ಮುಗಿದಿರುವುದಿಲ್ಲ. ರಕ್ತ ಸೋಸುವ ಪುಟ್ಟ ಪುಟ್ಟ ಘಟಕಗಳಿಗೆ ನೆಫ್ರಾನ್ ಅನ್ನುತ್ತಾರೆ. ಒಂದೊಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷ ಇರುತ್ತವೆ, ಒಬ್ಬರಿಂದ ಒಬ್ಬರಿಗೆ ಬಹಳ ಹೆಚ್ಚುಕಡಿಮೆ. ಇವು ತಾಯಿಯ ಹೊಟ್ಟೆಯಲ್ಲಿ 34ರಿಂದ 36 ವಾರದವರೆಗೂ ಹುಟ್ಟುತ್ತಲೇ ಇರುತ್ತವೆ. ಅರ್ಧಕ್ಕಿಂತ ಜಾಸ್ತಿ ಹುಟ್ಟುವುದು ಕೊನೆಯ ಮೂರು ತಿಂಗಳಲ್ಲೇ. 28 ವಾರಕ್ಕೆ ಹೊರಗೆ ಬಂದ ಕೂಸೆಂದರೆ ಗಿಲಾವು ಆಗುವ ಮೊದಲೇ ಒಕ್ಕಲು ಹೊಕ್ಕ ಮನೆ ಇದ್ದ ಹಾಗೆ. ಹುಟ್ಟಿದ ಮೇಲೂ ಸುಮಾರು 40 ದಿನ ಹೊಸ ನೆಫ್ರಾನ್ ಬರಬಹುದು. ಆದರೆ ಹೊಟ್ಟೆಯೊಳಗಿನ ಹದ ಹೊರಗೆ ಸಿಗುವುದಿಲ್ಲ. ಒಮ್ಮೆ ಹುಟ್ಟುವುದು ನಿಂತರೆ ಮುಂದೆ ಜೀವನಪೂರ್ತಿ ಹೊಸದು ಬರುವುದಿಲ್ಲ.

ಇನ್ನೊಂದು ಕಾರಣ ರಕ್ತ. ನಮ್ಮ ನಿಮ್ಮ ಹೃದಯ ತಳ್ಳುವ ರಕ್ತದಲ್ಲಿ ನೂರಕ್ಕೆ 20–25 ಪಾಲು ಕಿಡ್ನಿಗೆ ಹೋಗುತ್ತದೆ. ಆಗಷ್ಟೇ ಹುಟ್ಟಿದ ಕೂಸಿನಲ್ಲಿ ಅದು 3–4 ಪಾಲು ಮಾತ್ರ. ಇಷ್ಟು ಕಡಿಮೆ ಇರುವಾಗ ಬಿಪಿ ಸ್ವಲ್ಪ ಇಳಿದರೂ, ಮೈಯ ನೀರು ಸ್ವಲ್ಪ ಆರಿದರೂ ಮೊದಲು ಉಪವಾಸ ಬೀಳುವುದು ಕಿಡ್ನಿ.

"ಏಳು ತಿಂಗಳ ಕೂಸು ಬದುಕುತ್ತದೆ, ಎಂಟು ತಿಂಗಳದ್ದು ಬದುಕುವುದಿಲ್ಲ" ಅಂತಾರಲ್ಲ?

ಸುಳ್ಳು. ಹೊಟ್ಟೆಯಲ್ಲಿ ಒಂದು ವಾರ ಜಾಸ್ತಿ ಇದ್ದಷ್ಟೂ ಶ್ವಾಸಕೋಶಕ್ಕೂ ಕಿಡ್ನಿಗೂ ಒಳ್ಳೆಯದೇ. ಈ ಮಾತು ನಂಬಿ ಎಂಟು ತಿಂಗಳ ಕೂಸಿನ ಆಸೆ ಬಿಟ್ಟು ಕೂತ ಅಜ್ಜಿಯರನ್ನು ನೋಡಿದ್ದೇನೆ. ಮೊಮ್ಮಗಳು ಹತ್ತನೇ ದಿನ ಕೈಗೆ ಬಂದಾಗ ಅವರ ಮುಖ ನೋಡಬೇಕಿತ್ತು.

ಎಷ್ಟು ಕೂಸುಗಳಿಗೆ ಹೀಗಾಗುತ್ತದೆ?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮತ್ತು ಭಾರತದ 24 ಆಸ್ಪತ್ರೆಗಳು ಸೇರಿ ಮಾಡಿದ ಅವೇಕನ್ ಅನ್ನುವ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಎನ್‌ಐಸಿಯು ಸೇರಿದ 2,022 ಶಿಶುಗಳನ್ನು ಲೆಕ್ಕ ಹಾಕಿದ್ದರು. ಸುಮಾರು 100ಕ್ಕೆ 30 ಶಿಶುಗಳ ಕಿಡ್ನಿಗೆ ಪೆಟ್ಟಾಗಿತ್ತು. 29 ವಾರ ತುಂಬದವರಲ್ಲಿ 100ಕ್ಕೆ 48. 29ರಿಂದ 36 ವಾರದೊಳಗಿನವರಲ್ಲಿ 18. ಆದರೆ 36 ವಾರ ದಾಟಿದವರಲ್ಲಿ ಮತ್ತೆ 37! ಇದು ನೋಡಿ ನಮ್ಮಲ್ಲೂ ಕೆಲವರಿಗೆ ಆಶ್ಚರ್ಯವಾಗಿತ್ತು. ದಿನ ತುಂಬಿದ ಕೂಸು ಸುಮ್ನೆ ಎನ್‌ಐಸಿಯುಗೆ ಬರುವುದಿಲ್ಲ ಅಲ್ವಾ? ಹುಟ್ಟುವಾಗ ಉಸಿರುಗಟ್ಟಿಯೋ, ಸೋಂಕು ಹತ್ತಿಯೋ, ಹೃದಯದ ತೊಂದರೆಯಿಂದಲೋ ಬರುತ್ತದೆ. ಹಾಗಾಗಿ ವಾರದ ಲೆಕ್ಕ ಒಂದನ್ನೇ ಹಿಡಿದುಕೊಂಡು ಧೈರ್ಯವಾಗಿ ಇರುವಂತಿಲ್ಲ.

ಬಸುರಿಯಾಗಿದ್ದಾಗ ನಾನೇನಾದರೂ ತಪ್ಪು ಮಾಡಿದೆನಾ?

ಹೆಚ್ಚಿನವರಿಗೆ ನಾನು ಕೊಡುವ ಉತ್ತರ "ಇಲ್ಲ". ಬಿಪಿ ಏರಿದ್ದು, ನೀರು ಬೇಗ ಒಡೆದದ್ದು, ಅವಳಿ ಜವಳಿ ಇದ್ದದ್ದು, ಹೊಟ್ಟೆಯಲ್ಲೇ ಕೂಸು ಸರಿಯಾಗಿ ಬೆಳೆಯದೆ ಇದ್ದದ್ದು ಯಾರ ಕೈಯಲ್ಲಿದೆ? ಬೆಳವಣಿಗೆ ಕುಂಠಿತವಾದ ಕೂಸಿನಲ್ಲಿ ನೆಫ್ರಾನ್‌ಗಳೂ ಕಡಿಮೆ ಇರುತ್ತವೆ ಅನ್ನುವುದು ನಿಜ. ಅದಕ್ಕೆ ತಾಯಿಯನ್ನು ಬೈಯುವುದು ಅನ್ಯಾಯ. ಬೆಂಚಿನ ಮೇಲೆ ಬೈಯುವವರೂ ಇರುತ್ತಾರೆ, ಅದಕ್ಕೇ ಹೇಳಿದೆ.

ಆದರೆ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಅದು ನೋವಿನ ಗುಳಿಗೆ.

ಬ್ಯಾಡಗಿ ಕಡೆ ಸುಗ್ಗಿಯಲ್ಲಿ ಹೆಣ್ಣುಮಕ್ಕಳು ದಿನವಿಡೀ ಕುಕ್ಕರಗಾಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಾರೆ. ಹಾಗೆ ಕೂಲಿ ಮಾಡುತ್ತಿದ್ದ ಒಬ್ಬ ತಂಗಿಗೆ ಏಳನೇ ತಿಂಗಳಲ್ಲಿ ಸೊಂಟ ನೋವು. ಔಷಧಿ ಅಂಗಡಿಯಲ್ಲಿ ಕೇಳಿ ದಿನಕ್ಕೆರಡು ಗುಳಿಗೆಯಂತೆ ಮೂರು ವಾರ ನುಂಗಿದ್ದಳು. ಸ್ಕ್ಯಾನಿಂಗ್ ಮಾಡಿದಾಗ ಗರ್ಭದ ನೀರು ಬಹಳ ಕಡಿಮೆ. ಆ ನೀರು ಎಲ್ಲಿಂದ ಬರುತ್ತದೆ ಅಂದುಕೊಂಡಿರಿ? ಐದನೇ ತಿಂಗಳ ಹೊತ್ತಿಗೆ ಅದರಲ್ಲಿ ಹೆಚ್ಚಿನ ಪಾಲು ಕೂಸಿನ ಉಚ್ಚೆಯೇ. ನೀರು ಕಡಿಮೆಯಾಯಿತು ಅಂದರೆ ಕೂಸಿನ ಕಿಡ್ನಿ ಕೆಲಸ ತಗ್ಗಿಸಿರಬಹುದು ಅಂತ ಅರ್ಥ. ಡೈಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಗುಂಪಿನ ಗುಳಿಗೆಗಳು ಹೀಗೆ ಮಾಡಬಲ್ಲವು. ಗರ್ಭಕ್ಕೆ 20 ವಾರವಾದ ಮೇಲೆ ಇಂಥವನ್ನು ಆದಷ್ಟು ದೂರ ಇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿದೆ. ನೋವಿದ್ದರೆ ಡಾಕ್ಟರನ್ನು ಕೇಳಿ, ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ. ಬಿಪಿ ಏರದಿರಲಿ ಅಂತ ಡಾಕ್ಟರೇ ಬರೆದುಕೊಟ್ಟ ಸಣ್ಣ ಡೋಸಿನ ಆಸ್ಪಿರಿನ್ ಮಾತ್ರ ಬೇರೆ ವಿಷಯ, ಇದನ್ನು ಓದಿ ಅದನ್ನು ನಿಲ್ಲಿಸಬೇಡಿ.

ಮೊದಲಿಂದಲೂ ಬಿಪಿ ಗುಳಿಗೆ ತಗೊಳ್ಳುವವರು ಬಸುರಿ ಅಂತ ಗೊತ್ತಾದ ದಿನವೇ ಡಾಕ್ಟರಿಗೆ ತೋರಿಸಬೇಕು. ಎನಾಲಪ್ರಿಲ್, ರಾಮಿಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್ ಹೊಟ್ಟೆಯೊಳಗಿನ ಕಿಡ್ನಿಗೆ ಒಳ್ಳೆಯದಲ್ಲ. ಬದಲಿಗೆ ಲಾಬೆಟಲಾಲ್, ನಿಫೆಡಿಪಿನ್‌ನಂಥವು ಇವೆ.

ಹುಟ್ಟಿದ ಕೂಡಲೇ ಅಳಲಿಲ್ಲ. ಅದಕ್ಕೂ ಕಿಡ್ನಿಗೂ ಏನು ಸಂಬಂಧ?

ಆಕ್ಸಿಜನ್ ಕಡಿಮೆಯಾದಾಗ ಮೈ ತಾನಾಗಿಯೇ ಒಂದು ಲೆಕ್ಕ ಹಾಕುತ್ತದೆ. ಇರುವಷ್ಟು ರಕ್ತವನ್ನು ಮೆದುಳು, ಹೃದಯಕ್ಕೆ ಕಳಿಸಿ, ಕಿಡ್ನಿ ಮತ್ತು ಕರುಳಿನ ಪಾಲು ಕತ್ತರಿಸುತ್ತದೆ. ಜೀವ ಉಳಿಯುತ್ತದೆ, ಕಿಡ್ನಿ ಆ ಸಾಲ ತೀರಿಸುತ್ತದೆ. ಅದಕ್ಕೇ ಉಸಿರುಗಟ್ಟಿ ಹುಟ್ಟಿದ ಕೂಸಿನ ಮೊದಲ ಮೂರು ದಿನದ ಉಚ್ಚೆಯ ಲೆಕ್ಕವನ್ನು ನಾವು ಬಿಡದೆ ಇಡುತ್ತೇವೆ.

ಎನ್‌ಐಸಿಯು ಒಳಗಿದ್ದಾಗ ಯಾವುದರಿಂದ ಅಪಾಯ ಜಾಸ್ತಿ?

ನನ್ನ ಕಣ್ಣಿಗೆ ಮೊದಲನೆಯದು ರಕ್ತದ ಸೋಂಕು. ಸೋಂಕು ಏರಿದರೆ ಬಿಪಿ ಬೀಳುತ್ತದೆ, ಬಿಪಿ ಬಿದ್ದರೆ ಕಿಡ್ನಿ ಒಣಗುತ್ತದೆ. ನಾವು ಬಾಗಿಲಲ್ಲಿ ಕೈ ತೊಳೆಯಿರಿ, ಬಳೆ ಉಂಗುರ ತೆಗೆಯಿರಿ ಅಂತ ಪ್ರಾಣ ತಿನ್ನುವುದು ಇದಕ್ಕೇ. ಕರುಳಿನ ಉರಿಯೂತ, ಆಪರೇಶನ್, ವೆಂಟಿಲೇಟರ್ ಬೇಕಾಗುವಷ್ಟು ಉಸಿರಾಟದ ತೊಂದರೆ ಇವೂ ಸಾಲಿನಲ್ಲಿವೆ. ದಿನ ತುಂಬದ ಕೂಸುಗಳಲ್ಲಿ ಹೃದಯದ ಹತ್ತಿರದ ಒಂದು ನಾಳ, ಪಿಡಿಎ ಅಂತಾರೆ, ಮುಚ್ಚದೆ ಉಳಿಯಬಹುದು. ಆಗ ಕೆಳಗೆ ಕಿಡ್ನಿಗೆ ಹೋಗಬೇಕಾದ ರಕ್ತ ಶ್ವಾಸಕೋಶದ ಕಡೆ ತಿರುಗುತ್ತದೆ. ಹೊಕ್ಕುಳಿನ ಅಪಧಮನಿಯಲ್ಲಿ ಹಾಕುವ ನಳಿಗೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿ ಕಿಡ್ನಿಯ ರಕ್ತನಾಳಕ್ಕೆ ಅಡ್ಡವಾಗುವುದುಂಟು. ಹಾಗಾಗಿ ಕೆಲಸ ಮುಗಿದ ಕೂಡಲೇ ಅದನ್ನು ತೆಗೆಯುತ್ತಾರೆ.

ಆಂಟಿಬಯಾಟಿಕ್ ಕೊಟ್ಟಿದ್ದಕ್ಕೇ ಕಿಡ್ನಿ ಕೆಟ್ಟಿತು ಅಂತ ಯಾರೋ ಹೇಳಿದರು. ನಿಲ್ಲಿಸಿ ಅನ್ನಲಾ?

ನಿಲ್ಲಿಸಿ ಅನ್ನಬೇಡಿ, ಕೇಳಿ. ಎರಡಕ್ಕೂ ವ್ಯತ್ಯಾಸ ಇದೆ.

ಜೆಂಟಾಮೈಸಿನ್, ಅಮಿಕಾಸಿನ್, ವ್ಯಾಂಕೊಮೈಸಿನ್, ಫಂಗಸ್‌ಗೆ ಕೊಡುವ ಆಂಫೊಟೆರಿಸಿನ್, ಪಿಡಿಎ ಮುಚ್ಚಲು ಕೊಡುವ ಐಬುಪ್ರೊಫೆನ್ ಮತ್ತು ಇಂಡೊಮೆಥಾಸಿನ್ ಕಿಡ್ನಿಗೆ ಭಾರವೇ. ಇಂಥವು ಎರಡು ಮೂರು ಒಟ್ಟಿಗೆ ಬಿದ್ದರೆ ಇನ್ನೂ ಭಾರ. ಹಾಗಂತ ಸೋಂಕಿಗೆ ಔಷಧಿ ಕೊಡದಿದ್ದರೆ ಕಿಡ್ನಿಗಿಂತ ಮೊದಲು ಕೂಸೇ ಕೈತಪ್ಪುತ್ತದೆ. ಡಾಕ್ಟರು ಮಾಡುವುದು ಲೆಕ್ಕದ ಕೆಲಸ. ದೊಡ್ಡ ಮಕ್ಕಳಿಗೆ ದಿನಕ್ಕೊಮ್ಮೆ ಕೊಡುವ ಜೆಂಟಾಮೈಸಿನ್ ಅನ್ನು ತೀರಾ ಸಣ್ಣ ಕೂಸಿಗೆ 36 ಅಥವಾ 48 ಗಂಟೆಗೊಮ್ಮೆ ಕೊಡುತ್ತಾರೆ, ಯಾಕೆಂದರೆ ಅದರ ಕಿಡ್ನಿ ಅದನ್ನು ನಿಧಾನವಾಗಿ ಹೊರಹಾಕುತ್ತದೆ. ರಕ್ತದಲ್ಲಿ ರೋಗಾಣು ಇದೆಯೇ ಅಂತ ಹೇಳುವ ಕಲ್ಚರ್ ರಿಪೋರ್ಟ್ ಚೆನ್ನಾಗಿ ಬಂದರೆ ಬೇಗ ನಿಲ್ಲಿಸುತ್ತಾರೆ. ನೀವು "ಸರ್, ಈ ಇಂಜೆಕ್ಷನ್ ಇನ್ನೂ ಎಷ್ಟು ದಿನ ಬೇಕು? ಕಿಡ್ನಿ ಟೆಸ್ಟ್ ಮಾಡುತ್ತಿದ್ದೀರಾ?" ಅಂತ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟಾಗುವುದಿಲ್ಲ.

ಕೂಸಿಗೆ ಕಾಫಿ ಔಷಧಿ ಕೊಡುತ್ತಾರಂತೆ, ಹೌದಾ?

ಹೌದು, ಕಾಫಿಯಲ್ಲಿರುವ ಕೆಫೀನ್. ಸಣ್ಣ ಕೂಸುಗಳು ಉಸಿರಾಡುವುದನ್ನು ಮರೆಯುತ್ತವೆ, ಅದನ್ನು ನೆನಪಿಸಲು ಕೊಡುವ ಔಷಧಿ ಅದು. ಅವೇಕನ್ ಮಾಹಿತಿಯನ್ನೇ ಮತ್ತೆ ತೆಗೆದು ನೋಡಿದಾಗ, ಕೆಫೀನ್ ಪಡೆದ ದಿನ ತುಂಬದ ಶಿಶುಗಳಲ್ಲಿ ಕಿಡ್ನಿಗೆ ಪೆಟ್ಟು ಕಡಿಮೆ ಇದ್ದದ್ದು ಕಂಡಿತು. ಅದೇ ಕಾರಣ ಅಂತ ಇಷ್ಟರಿಂದಲೇ ಹೇಳಲಾಗದು. ಮನೆಯಲ್ಲಿ ಚಮಚದಲ್ಲಿ ಕಾಫಿ ಕುಡಿಸುವ ಸಾಹಸ ಮಾತ್ರ ಬೇಡ!

ಉಚ್ಚೆ ಎಷ್ಟು ಹೋದರೆ ಸರಿ? ನೀವು ಅದನ್ನು ಹೇಗೆ ಅಳೆಯುತ್ತೀರಿ?

ಇದು ನನಗೆ ಇಷ್ಟವಾದ ಪ್ರಶ್ನೆ, ಯಾರೂ ಕೇಳುವುದಿಲ್ಲ.

ನಮ್ಮ ಟ್ರಾಲಿಯ ಮೇಲೆ ಅಕ್ಕಸಾಲಿಗರ ತಕ್ಕಡಿಯಂಥ ಒಂದು ಪುಟ್ಟ ತೂಕದ ಯಂತ್ರ ಇದೆ. ಒಣ ಡೈಪರ್ ತೂಗಿ, ಅದರ ಮೇಲೇ ಪೆನ್ನಲ್ಲಿ ತೂಕ ಬರೆಯುತ್ತೇವೆ. ಒದ್ದೆಯಾದ ಮೇಲೆ ಮತ್ತೆ ತೂಗುತ್ತೇವೆ. ಹೆಚ್ಚಾದ ಒಂದೊಂದು ಗ್ರಾಂಗೂ ಒಂದು ಎಂಎಲ್ ಲೆಕ್ಕ. ಕೂಸಿನ ಒಂದು ಕೆಜಿ ತೂಕಕ್ಕೆ ಗಂಟೆಗೆ ಕನಿಷ್ಠ ಒಂದು ಎಂಎಲ್ ಬರಬೇಕು. 1 ಕೆಜಿ 200 ಗ್ರಾಂ ಕೂಸಾದರೆ ಇಡೀ ದಿನಕ್ಕೆ ಸುಮಾರು 29 ಎಂಎಲ್, ಅಂದರೆ ಆರು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಅದಕ್ಕಿಂತ ಕೆಳಗೆ ಇಳಿದರೆ ರಾತ್ರಿ ಎರಡು ಗಂಟೆಯಾದರೂ ಡಾಕ್ಟರಿಗೆ ಫೋನ್ ಹೋಗುತ್ತದೆ. ಹೆಚ್ಚಿನ ಕೂಸುಗಳು ಮೊದಲ 24 ಗಂಟೆಯೊಳಗೇ ಉಚ್ಚೆ ಮಾಡುತ್ತವೆ. 48 ಗಂಟೆಯಾದರೂ ಇಲ್ಲದಿದ್ದರೆ ಕಾರಣ ಹುಡುಕಲೇಬೇಕು.

ಒಂದು ಕಿವಿಮಾತು: ಉಚ್ಚೆ ಚೆನ್ನಾಗಿ ಹೋಗುತ್ತಿದ್ದರೂ ಕಿಡ್ನಿಗೆ ಪೆಟ್ಟಾಗಿರಬಹುದು. ಸೋಸುವ ಕೆಲಸ ಕೆಟ್ಟರೂ ನೀರು ಸುಮ್ನೆ ಹರಿದು ಹೋಗುತ್ತದೆ. ಹಾಗಾಗಿ ರಕ್ತ ಪರೀಕ್ಷೆಯೂ ಬೇಕು.

ಹುಟ್ಟಿದ ದಿನ ಕ್ರಿಯಾಟಿನಿನ್ 0.9 ಇತ್ತು. ಕಿಡ್ನಿ ಫೇಲಾ?

ಅಲ್ಲ. ಮೊದಲ ದಿನದ ಅಂಕಿ ಕೂಸಿನದ್ದಲ್ಲ, ತಾಯಿಯದ್ದು! ಹೊಕ್ಕುಳಬಳ್ಳಿಯಲ್ಲಿ ಬಂದದ್ದು. ದಿನ ತುಂಬದ ಕೂಸಿನಲ್ಲಿ ಅದು ಮೊದಲ ಎರಡು ಮೂರು ದಿನ ಸ್ವಲ್ಪ ಏರಿ, ಆಮೇಲೆ ವಾರಗಳ ಕಾಲ ನಿಧಾನವಾಗಿ ಇಳಿಯಬಹುದು. ಡಾಕ್ಟರು ಒಂದು ಅಂಕಿಯನ್ನಲ್ಲ, ಏರುವ ಇಳಿಯುವ ದಾರಿಯನ್ನು ನೋಡುತ್ತಾರೆ. 48 ಗಂಟೆಯಲ್ಲಿ 0.3 ಏರಿದರೆ ಅಥವಾ ಮೊದಲಿನ ಕಡಿಮೆ ಅಂಕಿಯ ಒಂದೂವರೆ ಪಟ್ಟಾದರೆ ಎಕೆಐ ಅಂತ ಹೇಳುತ್ತಾರೆ.

ದಿನಾ ಯಾಕೆ ಟೆಸ್ಟ್ ಮಾಡುವುದಿಲ್ಲ ಅಂತಲೂ ಕೇಳುತ್ತಾರೆ. ಒಂದು ಕೆಜಿ ಕೂಸಿನ ಮೈಯಲ್ಲಿ ಇರುವ ರಕ್ತವೇ 80–90 ಎಂಎಲ್, ಸಣ್ಣ ಚಹಾ ಕಪ್ಪಿನಷ್ಟು. ಅದರಿಂದ ದಿನಾ ಎಳೆದರೆ ಏನು ಉಳಿಯುತ್ತದೆ?

ಮನೆಗೆ ಕರೆದುಕೊಂಡು ಹೋದ ಮೇಲೂ ಕಿಡ್ನಿಗೆ ಪೆಟ್ಟು ಬೀಳಬಹುದಾ?

ಬೀಳಬಹುದು. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೇ.

ನವಲಗುಂದ ಕಡೆಯ ಒಂದು ಹಳ್ಳಿಯಿಂದ ಬಂದ ಕೂಸು ನೆನಪಿದೆ. 35 ವಾರಕ್ಕೆ ಹುಟ್ಟಿದ್ದು, 2 ಕೆಜಿ 100 ಗ್ರಾಂ. ನೋಡಲು ದುಂಡಗಿತ್ತು ಅಂತ ಹೆರಿಗೆಯಾದ ಆಸ್ಪತ್ರೆಯವರು ಎರಡನೇ ದಿನವೇ ಮನೆಗೆ ಕಳಿಸಿದ್ದರು. ಹಾಲು ಎಳೆಯುತ್ತದೆಯೇ ಅಂತ ಕೂತು ನೋಡಿದವರಿಲ್ಲ. 35 ವಾರದ ಕೂಸು ಬಾಯಿ ಹಚ್ಚುತ್ತದೆ, ನಾಲ್ಕು ಸಲ ಚೀಪಿ ನಿದ್ದೆ ಹೋಗುತ್ತದೆ. ಮನೆಯಲ್ಲಿ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಒಳಗೆ ಕೆಂಡದ ಅಗ್ಗಿಷ್ಟಿಕೆ, ಕೂಸಿಗೆ ಕುಂಚಿಗೆ, ಮೇಲೆ ಕೌದಿ. ಹೊರಗೆ ಬಿಸಿಲು ಸುಡುತ್ತಿತ್ತು. ತಾಯಿಗೂ ನೀರು ಕುಡಿಯಲು ಕೊಟ್ಟಿರಲಿಲ್ಲ, ಬಾಣಂತಿಗೆ ನೀರು ಆಗುವುದಿಲ್ಲ ಅಂತ. ಕೂಸು ಅಳುತ್ತಿರಲಿಲ್ಲ. "ಭಾಳ ಸಮಾಧಾನದ ಕೂಸ್ರಿ" ಅಂತ ಅಜ್ಜಿ ಹೆಮ್ಮೆಪಟ್ಟಿದ್ದರು. ಆರನೇ ದಿನ ಬಟ್ಟೆಯಲ್ಲಿ ಇಟ್ಟಂಗಿ ಪುಡಿಯಂಥ ಕೆಂಪು ಕಲೆ ಕಂಡಿತು. ರಕ್ತ ಅಂತ ಹೆದರಿ ಓಡಿ ಬಂದರು. ಅದು ರಕ್ತ ಅಲ್ಲ, ಉಚ್ಚೆ ಗಟ್ಟಿಯಾದಾಗ ಉಳಿಯುವ ಯೂರೇಟ್ ಹರಳು. ತೂಕ 1 ಕೆಜಿ 760 ಗ್ರಾಂಗೆ ಇಳಿದಿತ್ತು, ಸೋಡಿಯಂ ಏರಿತ್ತು, ಕ್ರಿಯಾಟಿನಿನ್ ಏರಿತ್ತು. ಹನಿ ಹನಿಯಾಗಿ, ಲೆಕ್ಕ ಹಾಕಿ ನೀರು ಕೊಟ್ಟು ಸರಿಮಾಡಲು ಐದು ದಿನ ಬೇಕಾಯಿತು. ಕೂಸು ಈಗ ಚೆನ್ನಾಗಿದೆ.

ಅಳದ ಕೂಸು ಸಮಾಧಾನದ ಕೂಸು ಅಂತ ಅಂದುಕೊಳ್ಳಬೇಡಿ. ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಿ, ಚೀಪಲು ಆಗದಿದ್ದರೆ ಹಿಂಡಿ ಚಮಚ ಅಥವಾ ಒಳಲೆಯಲ್ಲಿ ಕುಡಿಸಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕು. ಆಶಾ ಅಕ್ಕ ಬಂದಾಗ ತೂಕ ಹಾಕಿಸಿ. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ.

ಘುಟ್ಟಿ, ಬಜೆ, ಹರಳೆಣ್ಣೆ, ಎಮ್ಮೆ ಹಾಲು?

ಯಾವುದೂ ಬೇಡ. ಹರಳೆಣ್ಣೆಯಿಂದ ಭೇದಿಯಾದರೆ ಇರುವ ನೀರೂ ಹೋಗುತ್ತದೆ. ಘುಟ್ಟಿಯಿಂದ ಹೊಟ್ಟೆ ತುಂಬಿದಂತಾಗಿ ಹಾಲು ಬಿಡುತ್ತದೆ. ಜೇನುತುಪ್ಪ ಒಂದು ವರ್ಷದವರೆಗೂ ನೆಕ್ಕಿಸಬಾರದು. ಧಾರವಾಡಿ ಎಮ್ಮೆಯ ಹಾಲು ಪೇಡೆಗೆ ಚೆಂದ. ಅದರಲ್ಲಿನ ಉಪ್ಪು, ಪ್ರೋಟೀನಿನ ಭಾರ ಈ ಪುಟ್ಟ ಕಿಡ್ನಿಗೆ ಹೊರಲಾಗದು.

ಸ್ಕ್ಯಾನಿಂಗ್‌ನಲ್ಲೇ "ಕಿಡ್ನಿ ಊದಿದೆ" ಅಂದಿದ್ದರು.

ಹಾಗಿದ್ದರೆ ಹುಟ್ಟಿದ ಮೇಲೂ ಸ್ಕ್ಯಾನ್ ಮಾಡಿಸಲೇಬೇಕು. ಎಷ್ಟೋ ಊತ ತಾನಾಗಿಯೇ ಇಳಿಯುತ್ತದೆ. ಆದರೆ ಗಂಡು ಕೂಸಿನ ಮೂತ್ರನಾಳದಲ್ಲಿ ಅಡ್ಡಪೊರೆ ಇದ್ದರೆ ಉಚ್ಚೆ ಹಿಂದಕ್ಕೆ ತುಂಬಿ ಎರಡೂ ಕಿಡ್ನಿ ಹಾಳಾಗುತ್ತವೆ. ಉಚ್ಚೆ ತೊಟ್ಟಿಕ್ಕಿದರೆ, ಧಾರೆ ಇಲ್ಲದಿದ್ದರೆ ತಕ್ಷಣ ಹೇಳಿ.

ಗದಗ, ಹಾವೇರಿಯಿಂದ ಹುಬ್ಬಳ್ಳಿಗೆ ಕೂಸನ್ನು ತರುವಾಗ ಏನು ನೋಡಿಕೊಳ್ಳಬೇಕು?

ಸಾಧ್ಯವಾದರೆ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬನ್ನಿ. ಬೇಗ ನೋವು ಶುರುವಾದರೆ ದೊಡ್ಡ ಆಸ್ಪತ್ರೆಗೆ ತಾಯಿ ಬರುವುದು, ಹೆತ್ತ ಮೇಲೆ ಕೂಸನ್ನು ಸಾಗಿಸುವುದಕ್ಕಿಂತ ಎಷ್ಟೋ ಮೇಲು. 24ರಿಂದ 34 ವಾರದೊಳಗಾದರೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ 12 ಗಂಟೆಗೊಂದರಂತೆ ನಾಲ್ಕು ಕೊಡುತ್ತಾರೆ. ಅದು ಶ್ವಾಸಕೋಶಕ್ಕೆ. ಉಸಿರಾಟ ಸರಿಯಿದ್ದರೆ ಕಿಡ್ನಿಗೂ ಪೆಟ್ಟು ಕಡಿಮೆ.

ಎಲ್ಲದಕ್ಕೂ ಹುಬ್ಬಳ್ಳಿಗೇ ಓಡಬೇಕಾಗಿಲ್ಲ. ಗದಗಿನ ಜಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು, ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕ ಹತ್ತಿರದಲ್ಲಿದ್ದರೆ ಮೊದಲು ಅಲ್ಲಿ ತೋರಿಸಿ. ಅಲ್ಲಿ ಆಗದ್ದನ್ನು ಅವರೇ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಅಂಥ ಕಡೆಗೆ ಬರೆದುಕೊಡುತ್ತಾರೆ. 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಕೂಸನ್ನು ತಾಯಿಯ ಅಥವಾ ಅಪ್ಪನ ಬರಿ ಎದೆಗೆ ಕಟ್ಟಿಕೊಂಡು, ಮೇಲೆ ಬಟ್ಟೆ ಹೊದಿಸಿ. ಕೊಟ್ಟ ಔಷಧಿ, ಕೊನೆಯ ಉಚ್ಚೆ ಹೋದ ಹೊತ್ತು ಚೀಟಿಯಲ್ಲಿ ಬರೆಸಿಕೊಳ್ಳಿ. ತಾಯಿ ಕಾರ್ಡ್ ಮರೆಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆ ಬಿದ್ದ ಶಿಶುವಿನ ಚಿಕಿತ್ಸೆ, ಔಷಧಿ, ಓಡಾಟ ಉಚಿತ.

ಡಯಾಲಿಸಿಸ್ ಮಾಡಬೇಕಾಗುತ್ತದಾ?

ಹೆಚ್ಚಿನವರಿಗೆ ಬೇಡ. ನೀರಿನ ಲೆಕ್ಕ, ಬಿಪಿ, ಸೋಂಕಿಗೆ ಚಿಕಿತ್ಸೆ, ಭಾರದ ಔಷಧಿ ಬದಲಿಸುವುದು, ಇಷ್ಟರಲ್ಲೇ ಸರಿಹೋಗುತ್ತದೆ. ಪೊಟ್ಯಾಶಿಯಂ ಏರಿ ಇಳಿಯದಿದ್ದರೆ, ಮೈಯಲ್ಲಿ ನೀರು ತುಂಬಿ ಉಸಿರಿಗೆ ಕಷ್ಟವಾದರೆ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಇದೆ.

ಕಿಡ್ನಿ ಸರಿಹೋಯಿತು ಅಂದರು. ಇನ್ನು ಮರೆತುಬಿಡಬಹುದಾ?

ಮರೆಯಬೇಡಿ, ಹಾಗಂತ ನಿದ್ದೆಗೆಡಬೇಡಿ. ಸ್ವೀಡನ್‌ನಲ್ಲಿ 1973ರಿಂದ 2014ರವರೆಗೆ ಹುಟ್ಟಿದ 40 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದ್ದಾರೆ. ದಿನ ತುಂಬದೆ ಹುಟ್ಟಿದವರಲ್ಲಿ ಮುಂದೆ ದೀರ್ಘಕಾಲದ ಕಿಡ್ನಿ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು, 28 ವಾರಕ್ಕೂ ಮೊದಲು ಹುಟ್ಟಿದವರಲ್ಲಿ ಮೂರು ಪಟ್ಟು ಇತ್ತು. ಪಟ್ಟು ಅಂದರೆ ದೊಡ್ಡದಾಗಿ ಕೇಳುತ್ತದೆ. ಆದರೆ ಆ ವಯಸ್ಸಿನಲ್ಲಿ ಈ ಕಾಯಿಲೆಯೇ ಅಪರೂಪ, ಹೆಚ್ಚಿನವರಿಗೆ ಏನೂ ಆಗಿರಲಿಲ್ಲ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಎಕೆಐ ಆಗಿತ್ತು ಅಂತ ಬರೆಸಿಕೊಳ್ಳಿ. ಎಷ್ಟೋ ಕಾರ್ಡುಗಳಲ್ಲಿ ಅದೊಂದು ಸಾಲು ಬಿಟ್ಟುಹೋಗಿರುತ್ತದೆ. ಮುಂದೆ ಜ್ವರಕ್ಕೆ, ಹಲ್ಲು ನೋವಿಗೆ ಯಾರೇ ಔಷಧಿ ಬರೆದರೂ ಆ ಕಾರ್ಡು ತೋರಿಸಿ. ವರ್ಷಕ್ಕೊಮ್ಮೆಯಾದರೂ ಬಿಪಿ, ಉಚ್ಚೆ ಪರೀಕ್ಷೆ ಮಾಡಿಸಿ.

ಮಕ್ಕಳಿಗೂ ಬಿಪಿ ನೋಡುತ್ತಾರಾ? ನಮ್ಮೂರ ಡಾಕ್ಟರು ನಕ್ಕರು.

ನೋಡುತ್ತಾರೆ. ತೋಳಿಗೆ ಸುತ್ತುವ ಪಟ್ಟಿ ಮಾತ್ರ ಮಗುವಿನ ಅಳತೆಯದ್ದೇ ಇರಬೇಕು. ದೊಡ್ಡವರ ಪಟ್ಟಿ ಸುತ್ತಿದರೆ ಬಿಪಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಮಕ್ಕಳ ಡಾಕ್ಟರ ಹತ್ತಿರ ಸಣ್ಣ ಪಟ್ಟಿ ಇರುತ್ತದೆ, ಹೋಗುವ ಮೊದಲು ಒಮ್ಮೆ ಫೋನ್ ಮಾಡಿ ಕೇಳಿಕೊಳ್ಳಿ.